‘ಕೈಯಲ್ಲೇ ಕೆಲಸ ನಡೆದರೆ ಮಗು ಬಾಯಿ ಬಿಡುತ್ತಾ?’

ಮಾತು ತಡವಾದ ಮಗುವಿಗೆ ಸನ್ನೆ ಶುರು ಮಾಡೋಣ ಎಂದ ಕೂಡಲೇ ಮನೆಯವರು, ಅದರಲ್ಲೂ ಅಜ್ಜಿ-ತಾತಂದಿರು, ಕೇಳುವುದು ಇದನ್ನೇ. ಉತ್ತರ: ಬಿಡುತ್ತದೆ. ಸನ್ನೆಯಿಂದ ಮಾತು ನಿಂತುಹೋಗುವುದಿಲ್ಲ. ಷರತ್ತು ಒಂದೇ, ನಿಮ್ಮ ಕೈ ಆಡುವಾಗ ನಿಮ್ಮ ಬಾಯಿ ಸುಮ್ಮನಿರಬಾರದು.

ಹಾಡು, ಕಥೆಗಳ ಜೊತೆ ಸನ್ನೆ ಕಲಿಸುವುದು ಹೇಗೆಂದು ಹೇಳುವ ಮೊದಲು ಈ ಪದ್ಧತಿ ಏನೆಂದು ನೋಡೋಣ. ಕೀ ವರ್ಡ್ ಸೈನಿಂಗ್ ಎಂದರೆ ಪೂರ್ತಿ ವಾಕ್ಯವನ್ನು ಬಾಯಲ್ಲಿ ಹೇಳುತ್ತಾ, ಅದರ ಮುಖ್ಯ ಪದಕ್ಕೆ ಮಾತ್ರ ಸನ್ನೆ ಮಾಡುವುದು. ‘ಬಾ ಪುಟ್ಟ, ಹಾಲು ಕುಡಿಯೋಣ’ ಎಂದರೆ ಪ್ರತಿ ಪದಕ್ಕೂ ಕೈ ಕುಣಿಯಬೇಕಿಲ್ಲ, ‘ಹಾಲು’ ಎನ್ನುವಾಗ ಒಂದು ಸನ್ನೆ ಸಾಕು. ಕಿವುಡರ ಸನ್ನೆಭಾಷೆ ಬೇರೆ. ಅದಕ್ಕೆ ತನ್ನದೇ ವ್ಯಾಕರಣವಿದೆ, ಅದು ಪೂರ್ಣ ಭಾಷೆ. ಇದು ಮಾತಿಗೆ ಕೊಡುವ ಊರುಗೋಲು. ಹಾಗಾಗಿ ಕೇಳಿಸದ ಮಗುವಿಗೆ ಇಷ್ಟು ಮಾತ್ರ ಕೊಟ್ಟು ಸುಮ್ಮನಾಗುವಂತಿಲ್ಲ. ಮಾತು ತಡವಾಗಿದ್ದರೆ ಮೊದಲು ಶ್ರವಣ ಪರೀಕ್ಷೆ ಆಗಲಿ. ಹಸುಗೂಸಿಗೂ ಮಾಡಬಹುದಾದ ಓಎಇ (ಸದ್ದಿಗೆ ಒಳಕಿವಿಯ ಸ್ಪಂದನೆ ನೋಡುವುದು), ಬೆರಾ (ಸದ್ದಿಗೆ ಕಿವಿಯ ನರ, ಮಿದುಳಿನ ಸ್ಪಂದನೆ ನೋಡುವುದು) ಪರೀಕ್ಷೆಗಳಿವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ.

ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಮಾರ್ಗರೆಟ್ ವಾಕರ್ ಎಂಬ ವಾಕ್ ಚಿಕಿತ್ಸಕಿ ರೂಪಿಸಿದ ಮಕಟಾನ್ ಈ ಬಗೆಯ ಪದ್ಧತಿಗಳಲ್ಲಿ ಹೆಸರಾದದ್ದು. ಅದರ ಸನ್ನೆಗಳು ಬ್ರಿಟಿಷ್ ಸನ್ನೆಭಾಷೆಯಿಂದ ಬಂದವು. ಐರ್ಲೆಂಡಿನ ‘ಲಾವ್’ ಪದ್ಧತಿ ಐರಿಶ್ ಸನ್ನೆಗಳನ್ನು ಆಧರಿಸಿದೆ. ಅಂದರೆ ಆಯಾ ನಾಡಿನ ಸನ್ನೆ ಆಯಾ ನಾಡಿಗೆ. ನಮ್ಮಲ್ಲಿ ಎಷ್ಟೋ ತಂದೆತಾಯಿ ಯೂಟ್ಯೂಬಿನ ‘ಬೇಬಿ ಸೈನ್’ ವಿಡಿಯೊ ನೋಡಿ ಕಲಿಯುತ್ತಾರೆ, ಅವುಗಳಲ್ಲಿ ಬಹುಪಾಲು ಅಮೆರಿಕದ ಸನ್ನೆಗಳು. ನಾಳೆ ಶಾಲೆಯಲ್ಲಿ ಭಾರತೀಯ ಸನ್ನೆ ಬಳಸಿದರೆ ಮಗು ಮತ್ತೆ ಮೊದಲಿಂದ ಕಲಿಯಬೇಕು. ಭಾರತೀಯ ಸನ್ನೆಭಾಷೆಯ ಸರ್ಕಾರಿ ನಿಘಂಟಿನಲ್ಲಿ 10,000 ಪದಗಳಿವೆ, ‘ಸೈನ್ ಲರ್ನ್’ ಆ್ಯಪ್‌ನಲ್ಲಿ ನೋಡಬಹುದು. ನಿಮಗೆ ಈಗ ಬೇಕಾದದ್ದು ಎಂಟು-ಹತ್ತು ಮಾತ್ರ.

ಆ ಎಂಟು-ಹತ್ತು ಯಾವುವು? ಬಣ್ಣ, ಅಂಕಿ ಖಂಡಿತ ಬೇಡ. ಮಗುವಿಗೆ ಬೇಕಾದದ್ದು, ಮಗು ದಿನಾ ನೋಡುವುದು: ಹಾಲು, ನೀರು, ಊಟ, ಬಾ, ಮಲಗು, ಇನ್ನೂ, ಆಯ್ತು, ಬೇಡ. ‘ಬೇಕು’ ಕಲಿಸಿ ‘ಬೇಡ’ ಮರೆಯುವವರು ಬಹಳ. ಬೇಡ ಎನ್ನಲು ಬಾರದ ಮಗುವಿಗೆ ಉಳಿಯುವುದು ತಟ್ಟೆ ತಳ್ಳುವುದು, ಕಚ್ಚುವುದು. ತಲೆಯಾಡಿಸಿದರೆ ಸಾಲದೇ ಎನ್ನಬೇಡಿ, ನಾವು ತಲೆಯಾಡಿಸಿದರೆ ಹೌದೋ ಅಲ್ಲವೋ ದೊಡ್ಡವರಿಗೇ ತಿಳಿಯುವುದಿಲ್ಲ.

ಇನ್ನು ಹಾಡು, ಕಥೆ ಯಾಕೆ? ಅವುಗಳಲ್ಲಿ ಒಂದೇ ಪದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತದೆ. ಮುಂದೇನು ಬರುತ್ತದೆಂದು ಮಗುವಿಗೆ ಮೊದಲೇ ಗೊತ್ತಿರುವುದರಿಂದ ಕೈ ಸಿದ್ಧ ಮಾಡಿಕೊಳ್ಳಲು ಹೊತ್ತು ಸಿಗುತ್ತದೆ. ಇಂಥದೊಂದು ಹಾಡು ಕಟ್ಟಿಕೊಳ್ಳಿ:

ಹಕ್ಕಿ ಬಂತು, ನೀರು ಕುಡೀತು
ಹಕ್ಕಿ ಬಂತು, ಕಾಳು ತಿಂತು
ಹಕ್ಕಿ ಎಲ್ಲಿ? ಹಾರಿಹೋಯ್ತು!

ಮೊದಲ ವಾರ ‘ಹಕ್ಕಿ’ಗೆ ಮಾತ್ರ ಸನ್ನೆ. ಎರಡನೇ ವಾರ ಕೊನೆಯ ‘ಹಾರಿಹೋಯ್ತು’ ಸೇರಿಸಿ. ಆಮೇಲೆ ಕುಡಿಯುವುದು, ತಿನ್ನುವುದು. ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಮಗುವಿಗೆ ಕಾಣುವುದು ಗಾಳಿಗೆ ಬಡಿಯುವ ಕೈ ಮಾತ್ರ. ಮೊಬೈಲಿನ ಹಾಡು ಹಾಕಿದರೆ ಅದರ ವೇಗಕ್ಕೆ ನೀವು ಓಡಬೇಕು, ಅದು ಮಗುವಿಗಾಗಿ ಕಾಯುವುದಿಲ್ಲ. ನೀವೇ ಹಾಡಿ, ಶ್ರುತಿ ತಪ್ಪಿದರೂ ಅಡ್ಡಿಯಿಲ್ಲ. ನಾಲ್ಕಾರು ದಿನ ಕಳೆದ ಮೇಲೆ ‘ಹಕ್ಕಿ ಎಲ್ಲಿ?’ ಎಂದು ನಿಲ್ಲಿಸಿ ಮನಸ್ಸಿನಲ್ಲೇ ಹತ್ತು ಎಣಿಸಿ. ಮೂರಕ್ಕೇ ನಮಗೆ ತಾಳ್ಮೆ ಹೋಗುತ್ತದೆ, ಮಗುವಿನ ಕೈ ಏಳುವುದು ಏಳು-ಎಂಟಕ್ಕೆ. ಏನೂ ಬರದಿದ್ದರೆ ನೀವೇ ಮಾಡಿ ಮುಂದೆ ಹಾಡಿ. ‘ಮಾಡು, ಮಾಡು’ ಎಂದು ಒತ್ತಾಯಿಸಿದರೆ ಹಾಡು ಹೋಗಿ ಪರೀಕ್ಷೆಯಾಗುತ್ತದೆ.

ಅಂಗನವಾಡಿಯ ಅಭಿನಯ ಗೀತೆಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಕೈ ತಾಳಕ್ಕೆ ಆಡುತ್ತದೆ, ಒಂದು ಹಾಡಿನ ನೀರು ಇನ್ನೊಂದರಲ್ಲಿ ಬೇರೆ ಥರ ಹರಿಯಬಹುದು. ಇಲ್ಲಿ ಹಾಡಿನ ನೀರಿನ ಸನ್ನೆಯೇ ಕಥೆಗೂ ಊಟದ ತಟ್ಟೆಯ ಪಕ್ಕದ ಲೋಟಕ್ಕೂ ಬರಬೇಕು. ಹೀಗೆ ಮಾಡದಿದ್ದರೆ ಬಹಳ ಸಲ ಆಗುವ ಎಡವಟ್ಟು ಇದು: ಹಾಡಿನಲ್ಲಿ ಚೆನ್ನಾಗಿ ‘ನೀರು’ ಮಾಡುವ ಮಗು ಬಾಯಾರಿದಾಗ ಅಳುತ್ತದೆ. ಸನ್ನೆ ಹಾಡಿನೊಳಗೇ ಸಿಕ್ಕಿಕೊಂಡಿದೆ. ಹಾಡು ಮುಗಿದ ಕೂಡಲೇ ನೀರು ತಂದು, ಅದೇ ಸನ್ನೆ ಮಾಡಿ, ಕುಡಿಸಿ. ಸನ್ನೆ ಮಾಡಿದರೇ ನೀರು ಎಂದು ಲೋಟ ಹಿಂದಕ್ಕೆಳೆಯಬೇಡಿ.

ಕಥೆ ಹೇಳುವಾಗಿನ ಮೊದಲ ಕಷ್ಟ ಪುಸ್ತಕವೇ. ಪುಸ್ತಕ ಹಿಡಿದ ಕೈಯಲ್ಲಿ ಸನ್ನೆ ಮಾಡಲಾಗದು. ಅಕ್ಕಿ ಡಬ್ಬಕ್ಕೋ ಗೋಡೆಗೋ ಒರಗಿಸಿ. ಮಗು ಮಡಿಲಲ್ಲಿ ಕೂತರೆ ನಿಮ್ಮ ಮುಖ ಕಾಣದು, ಎದುರಿಗೆ ನೆಲದಲ್ಲಿ ಕೂರಿಸಿ, ನೀವೂ ಅಷ್ಟೇ ಎತ್ತರಕ್ಕೆ ಇಳಿಯಿರಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮುಖ ಕಪ್ಪಗೆ ಕಾಣುತ್ತದೆ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕೈ ಎದೆಗೂ ಗಲ್ಲಕ್ಕೂ ನಡುವೆ ಆಡಲಿ, ಆಗ ಕೈ ನೋಡುವ ಕಣ್ಣಿಗೆ ತುಟಿಯೂ ಕಾಣುತ್ತದೆ. ದೊಡ್ಡ ಹೂವಿನ ಸೀರೆಯ ಮುಂದೆ ಬೆರಳು ಕಳೆದುಹೋಗುತ್ತದೆ. ಬಳೆ ಇರಲಿ, ಸದ್ದಿಗೆ ಮಗು ತಿರುಗಿ ನೋಡುತ್ತದೆ.

ಕಥೆ ಸಣ್ಣದಿರಲಿ, ಸರಪಳಿಯಂತಿರಲಿ. ‘ಬೆಕ್ಕು ಹಸು ಹತ್ರ ಹೋಯ್ತು. ಹಾಲು ಬೇಕು ಅಂತು. ಹಸು, ಹುಲ್ಲು ಬೇಕು ಅಂತು.’ ಕೆನ್ನೆಯ ಮೇಲೆ ಮೀಸೆ ಎಳೆದರೆ ಬೆಕ್ಕು, ತಲೆಯ ಪಕ್ಕ ಕೊಂಬು ಮಾಡಿದರೆ ಹಸು, ಹಾಲಿಗೊಂದು, ಬೇಕಿಗೊಂದು. ನಾಲ್ಕೇ ಸನ್ನೆಯಲ್ಲಿ ಕಥೆ ನಡೆಯುತ್ತದೆ. ಎರಡು ವಾರ ದಿನಾ ಇದೇ ಕಥೆ. ಬೇಸರ ಬರುವುದು ನಿಮಗೆ, ಮಗುವಿಗಲ್ಲ. ‘-ಗೆ’, ‘-ಇಂದ’ ಮುಂತಾದ ಪ್ರತ್ಯಯಗಳಿಗೆ ಸನ್ನೆ ಬೇಡ, ಅವು ಬಾಯಲ್ಲೇ ಇರಲಿ. ಕನ್ನಡದ ಧೊಪ್ಪನೆ, ಸರಸರ, ಗುಡುಗುಡು ಇಲ್ಲಿ ದೊಡ್ಡ ವರ: ಕೈಗೆ ಸುಲಭ, ಬಾಯಿಗೂ ಸುಲಭ, ಎಷ್ಟೋ ಮಕ್ಕಳು ಹೆಸರುಗಳಿಗಿಂತ ಮೊದಲು ಇಂಥವನ್ನೇ ಅನ್ನುತ್ತಾರೆ.

ಅಜ್ಜಿ ‘ತಾಚಿ’ ಎನ್ನಲಿ, ಅಮ್ಮ ‘ನಿದ್ದೆ’ ಎನ್ನಲಿ, ಸನ್ನೆ ಒಂದೇ ಇರಲಿ. ಮನೆಯಲ್ಲಿ ಉರ್ದುವೋ ತುಳುವೋ ಆಡಿ ಅಂಗನವಾಡಿಯಲ್ಲಿ ಕನ್ನಡ ಕೇಳುವ ಮಗುವಿಗೆ ‘ಪಾನಿ’ಯೂ ‘ನೀರು’ ಕೂಡ ಒಂದೇ ಎಂದು ತೋರಿಸುವುದು ಆ ಕೈಯೇ.

ಮಗು ಮಾಡುವ ಸನ್ನೆ ನಿಮ್ಮದರಂತೆ ಇರುವುದಿಲ್ಲ. ಬೆಕ್ಕಿನ ಮೀಸೆ ಕಿವಿ ತುರಿಸಿಕೊಂಡಂತೆ ಕಾಣಬಹುದು. ಒಪ್ಪಿಕೊಳ್ಳಿ, ‘ಹೌದು, ಬೆಕ್ಕು!’ ಎಂದು ನೀವು ಸರಿಯಾಗಿ ಮಾಡಿ ತೋರಿಸಿ, ಕೈ ಹಿಡಿದು ತಿದ್ದಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ‘ಕಿವಿ ಮುಟ್ಟಿದರೆ ಬೆಕ್ಕು’ ಎಂದು ಬರೆದು ಅಂಗನವಾಡಿ ಟೀಚರಿಗೂ ತೋರಿಸಿ. ಇಲ್ಲದಿದ್ದರೆ ಅಲ್ಲಿ ಮಗು ‘ಮಾತಾಡುತ್ತಲೇ’ ಇರುತ್ತದೆ, ಯಾರೂ ಉತ್ತರಿಸುವುದಿಲ್ಲ.

ಈಗ ಅಜ್ಜಿಯ ಪ್ರಶ್ನೆಗೆ ಮರಳಿದರೆ, ಮಾತು ಬಂದ ಮೇಲೆ ಸನ್ನೆ ಬಿಡಿಸಬೇಕೇ ಎಂಬ ಯೋಚನೆ ಬೇಡ. ಎಲ್ಲ ಮಕ್ಕಳಿಗೂ ಮಾತು ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ, ಕೆಲವರಿಗೆ ಸನ್ನೆ ಬಹುಕಾಲ ಬೇಕಾಗುತ್ತದೆ. ಬಂದವರಲ್ಲಿ, ಬಾಯಲ್ಲಿ ಸ್ಪಷ್ಟವಾದ ಪದದ ಸನ್ನೆ ತಾನಾಗಿ ಉದುರುತ್ತದೆ, ಬಾಯಿ ಬೇಗ ತಾನೆ. ಕೊನೆಗೆ ಉಳಿಯುವುದು ಕಿವಿಗೆ ಒಂದೇ ಥರ ಕೇಳುವ ಪದಗಳದ್ದು. ಹಾಲು, ಹಾವು, ಹಾಡು ಮೂರನ್ನೂ ‘ಆಊ’ ಎನ್ನುವ ಮಗುವಿಗೆ ಲೋಟ ತರಬೇಕೋ ಹಾಡಬೇಕೋ ಎಂದು ನಿಮಗೆ ತಿಳಿಯುವುದು ಅದರ ಕೈ ನೋಡಿದರೇ.