ಮಂಗಳೂರಿನಿಂದ ಕೊಯಮತ್ತೂರಿಗೆ ಟ್ರ್ಯಾಕ್ ಡೇ: ಟಯರ್‌ಗಿಂತ ಮೊದಲು ಸೈಲೆನ್ಸರ್ ನೋಡಿ ಮಾರಾಯ್ರೆ

107.4 ಡೆಸಿಬೆಲ್. ಸದ್ದು ಅಳೆಯುವ ಮೀಟರ್ ಹಿಡಿದಿದ್ದ ಹುಡುಗ ಆ ಅಂಕಿಯನ್ನು ನನಗೂ ತೋರಿಸಿ, ಕಾರನ್ನು ಬದಿಗೆ ಹಾಕಿ ಸಾರ್ ಅಂದ. ಮಿತಿ 105. ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಟ್ರ್ಯಾಕ್ ಡೇಗೆಂದು ಸುಮಾರು 400 ಕಿಲೋಮೀಟರ್ ಓಡಿಸಿಕೊಂಡು ಬಂದು, ಮುಂಗಡ ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿ ಸಾಲಿನಲ್ಲಿ ನಿಂತವನಿಗೆ ಬೆಳಿಗ್ಗೆ ಎಂಟು ಗಂಟೆಗೇ ಸಿಕ್ಕಿದ ಮಂಗಳಾರತಿ ಇದು. ಬ್ರೇಕ್ ಪ್ಯಾಡ್ ಹೊಸದು, ಟಯರ್ ಹೊಸದು, ಎಂಜಿನ್ ಆಯಿಲ್ ಹೊಸದು. ಸದ್ದಿನ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ.

ಯೋಚಿಸಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಹೊರಡುವ ಹಿಂದಿನ ದಿನ ಕೂಳೂರು ಕಡೆಯ ಗ್ಯಾರೇಜಿನ ಶೆಡ್ಡಿನಲ್ಲಿ ಮೊಬೈಲ್ ಆ್ಯಪ್ ಹಾಕಿ ಅಳೆದಿದ್ದೆವು. 96 ತೋರಿಸಿತು. ಆಯೋಜಕರು ಕಳಿಸಿದ ನಿಯಮಗಳಲ್ಲಿ 105 ಅಂತ ಇತ್ತು, ಒಂಬತ್ತು ಕಡಿಮೆಯೇ ಉಂಟಲ್ಲ ಎಂದು ನೆಮ್ಮದಿಯಲ್ಲಿ ಮಲಗಿದೆ. ಮೊಬೈಲಿನ ಮೈಕ್ ಮಾಡಿರುವುದು ಮಾತಾಡಲಿಕ್ಕೆ. ಸದ್ದು ತುಂಬಾ ಜಾಸ್ತಿಯಾದರೆ ಅದು ತಾನೇ ತಗ್ಗಿಸಿ ತೋರಿಸುತ್ತದೆ. ಸಾಲದ್ದಕ್ಕೆ ನಾವು ಅಳೆದದ್ದು 3,500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), ಕಾರಿನಿಂದ ಎರಡು ಹೆಜ್ಜೆ ದೂರ ನಿಂತು.

ಅಲ್ಲಿ ಅಳೆಯುವ ಕ್ರಮವೇ ಬೇರೆ. ಸೈಲೆನ್ಸರ್ ಬಾಯಿಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ ಮೀಟರ್, ಎಂಜಿನ್ನಿನ ಗರಿಷ್ಠ ಆರ್‌ಪಿಎಂನ ಮುಕ್ಕಾಲು ಭಾಗದಷ್ಟು ಆಕ್ಸಿಲರೇಟರ್. ನನ್ನ ಹಳೆ ಹೋಂಡಾ ಸಿಟಿ ವಿಟೆಕ್‌ನ ಗರಿಷ್ಠ 7,000 ಅಂತ ಲೆಕ್ಕ ಹಿಡಿದರೆ 5,250ರಲ್ಲಿ ಹಿಡಿದು ನಿಲ್ಲಿಸಬೇಕು. ಇದು ಇಂಗ್ಲೆಂಡಿನ ಟ್ರ್ಯಾಕ್‌ಗಳ ಪದ್ಧತಿ. ಅಲ್ಲಿ ಸುತ್ತ ಹಳ್ಳಿಗಳಿರುವುದರಿಂದ ಗುಡ್‌ವುಡ್, ಕ್ಯಾಸಲ್ ಕೂಂಬ್ ಮುಂತಾದ ಕಡೆ ಸದ್ದು ಮೀರಿದರೆ ಗೇಟಿನಿಂದಲೇ ವಾಪಸ್. ಅಮೆರಿಕದ ಲಗುನಾ ಸೆಕಾದಲ್ಲಂತೂ ಓಡುವ ಕಾರಿನ ಸದ್ದನ್ನೇ ರಸ್ತೆ ಬದಿಯಿಂದ ಅಳೆಯುತ್ತಾರೆ. ನಮ್ಮ ಆಯೋಜಕರು ಎರಡನ್ನೂ ಇಟ್ಟಿದ್ದರು. ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಆರು ಪುಟದ ಪಿಡಿಎಫ್‌ನ ಕೊನೆ ಪುಟದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದಕ್ಕೆ ಉಂಟು.

ಎರಡು ಡೆಸಿಬೆಲ್ ಚಿಲ್ಲರೆ, ಅದಕ್ಕೇನಂತೆ ಎಂದು ನಾನು ವಾದಕ್ಕೆ ನಿಂತೆ. ಜೊತೆಗಿದ್ದ ಭಾವ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು. ಅವರು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿದವರು. "ಮೂರು ಡೆಸಿಬೆಲ್ ಅಂದರೆ ಶಬ್ದದ ಶಕ್ತಿ ಇಮ್ಮಡಿ. ನಿನ್ನದು ಹೆಚ್ಚುಕಡಿಮೆ ಒಂದೂಮುಕ್ಕಾಲು ಕಾರಿನಷ್ಟು ಕಿರುಚುತ್ತಾ ಉಂಟು" ಅಂದರು. "ಹಾಗಾದರೆ ಈಗ ಎಂತ ಮಾಡುವುದು ಭಾವ, ನೀವೇ ಹೇಳಿ" ಎಂದೆ. ಅವರು ಆಗಲೇ ಮೊಬೈಲಿನಲ್ಲಿ ಲೇತ್ ಅಂಗಡಿ ಹುಡುಕುತ್ತಿದ್ದರು.

ಪಂಪ್‌ಸೆಟ್ ಮಾಡುವ ಊರಲ್ಲವಾ, ಕೊಯಮತ್ತೂರಿನಲ್ಲಿ ಲೇತ್ ಅಂಗಡಿಗೆ ಬರವಿಲ್ಲ. ನಮಗೆ ಬರುವ ತಮಿಳು ಊಟ ಕೇಳಲಿಕ್ಕೆ ಮಾತ್ರ ಸಾಕು. ಕೈ ಬಾಯಿ ಮಾಡಿ ವಿವರಿಸುತ್ತಿದ್ದಾಗ ಅಂಗಡಿಯವರು "ನೀವು ಕನ್ನಡದೋರಾ?" ಎಂದು ಕೇಳಿದರು. ಮನೆಮಾತು ಕನ್ನಡವಂತೆ, ದೇವಾಂಗದವರು, ತಲೆಮಾರುಗಳಿಂದ ಅಲ್ಲೇ ಇರುವವರು. ಅವರ ಕನ್ನಡ ನನಗೆ ಅರ್ಧ ಅರ್ಥವಾಯಿತು, ನನ್ನ ಮಂಗಳೂರು ಕನ್ನಡ ಅವರಿಗೆ ಅದಕ್ಕಿಂತ ಕಡಿಮೆ. ಆದರೂ ಮುಕ್ಕಾಲು ಗಂಟೆಯಲ್ಲಿ ಸೈಲೆನ್ಸರ್ ಬಾಯಿಗೆ ಒಳಗೆ ಕೂರುವ ಸಣ್ಣ ತೂತಿನ ಉಕ್ಕಿನ ಕೊಳವೆ ತಯಾರು. ಒಂದು ಬೋಲ್ಟ್ ಹಾಕಿ ಬಿಗಿದರು. 350 ರೂಪಾಯಿ. ಇಡೀ ಪ್ರವಾಸದಲ್ಲಿ ಖರ್ಚು ಮಾಡಿದ್ದಕ್ಕೆ ಬೆಲೆ ಬಂದದ್ದು ಇದೊಂದಕ್ಕೇ.

ಎರಡನೇ ಸಲ ಅಳೆದಾಗ 103.1. ಅಷ್ಟರಲ್ಲಿ ಎರಡು ಸರದಿ ಹೋಗಿತ್ತು, ದುಡ್ಡು ವಾಪಸ್ ಇಲ್ಲ.

ಟ್ರ್ಯಾಕಿನ ಮೇಲೆ ಓಡಿಸಿದ ಖುಷಿಯನ್ನು ಇಲ್ಲಿ ಬರೆಯುವುದಿಲ್ಲ. ಹೋದವರಿಗೆ ಗೊತ್ತು, ಹೋಗದವರಿಗೆ ಹೇಳಿ ಪ್ರಯೋಜನವಿಲ್ಲ. ಸದ್ದಿಗೆ ಸಂಬಂಧಿಸಿದ್ದು ಮಾತ್ರ ಹೇಳುತ್ತೇನೆ. ಕೊಳವೆ ಹಾಕಿದರೆ ಹೊಗೆ ಹೊರಹೋಗುವ ದಾರಿ ಕಿರಿದಾಗಿ ಮೇಲಿನ ಆರ್‌ಪಿಎಂನಲ್ಲಿ ಎಳೆತ ಕಡಿಮೆಯಾಗುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ನೇರ ಹಾದಿಯ ಬದಿಯಲ್ಲಿ ಮೀಟರ್ ಹಿಡಿದು ಇನ್ನೊಬ್ಬ ಕೂತಿರುತ್ತಾನೆ. ಅವನ ಎದುರು ಬರುವ ಮೊದಲೇ ಒಂದು ಗೇರ್ ಮೇಲೆ ಹಾಕಿ, ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ದಾಟಿದರೆ ಬಚಾವು. ಸೆಕೆಂಡಿನ ಕೆಲವು ಭಾಗ ಹೋಗುತ್ತದೆ, ಹೋಗಲಿ, ನಾವೇನು ಕಪ್ ಗೆಲ್ಲಲಿಕ್ಕೆ ಹೋದದ್ದಲ್ಲ. ಇನ್ನೊಂದು: ಬಾನೆಟ್ಟಿನೊಳಗೆ ಓಪನ್ ಏರ್ ಫಿಲ್ಟರ್ ಹಾಕಿಸಿದ್ದರೆ ತೆಗೆದು ಕಂಪೆನಿಯ ಡಬ್ಬಿಯನ್ನೇ ವಾಪಸ್ ಹಾಕಿ. ನಿಂತಲ್ಲೇ ಅಳೆಯುವಾಗ ಮೀಟರ್ ಹಿಂದೆ ಇರುವುದರಿಂದ ಅದು ಗೊತ್ತಾಗುವುದಿಲ್ಲ. ಓಡುವಾಗ ಮಾತ್ರ ಎಂಜಿನ್ ಗಾಳಿ ಎಳೆಯುವ ಸದ್ದೂ ಲೆಕ್ಕಕ್ಕೆ ಬರುತ್ತದೆ.

ಮಧ್ಯಾಹ್ನದ ಮೇಲೆ ಆ ಒಂದು ಬೋಲ್ಟ್ ಅಲುಗಾಡಿ ಸಡಿಲವಾಯಿತು. ಕೊಳವೆ ಹಾರಿ ಹೋದದ್ದು ನನಗೆ ಗೊತ್ತಾದದ್ದು ಕಾರು ಇದ್ದಕ್ಕಿದ್ದಂತೆ ತಾಸೆಪೆಟ್ಟು ಶುರುಮಾಡಿದಾಗ. ಕಪ್ಪು ಬಾವುಟ ತೋರಿಸಿ ಒಳಗೆ ಕರೆದರು. ಪುಣ್ಯಕ್ಕೆ ಹಿಂದೆ ಯಾರೂ ಇರಲಿಲ್ಲ. ಕಾದ ಉಕ್ಕಿನ ತುಂಡು ಹಿಂದಿನವರ ಗಾಜಿಗೆ ಬಡಿದಿದ್ದರೆ? ಆದ್ದರಿಂದ ಎರಡು ಬೋಲ್ಟ್ ಹಾಕಿಸಿ, ಬೋಲ್ಟಿನ ತಲೆಗೆ ತೂತು ಮಾಡಿಸಿ ತಂತಿ ಕಟ್ಟಿ. ಅದಕ್ಕಿಂತ ಒಳ್ಳೆಯದು, ಹೊರಡುವ ಮೊದಲು ಊರಿನಲ್ಲೇ ಸೈಲೆನ್ಸರ್ ಬಿಚ್ಚಿಸಿ ಒಳಗಿನ, ಸದ್ದು ಹೀರುವ ಗ್ಲಾಸ್ ವೂಲ್ ನೋಡಿಸಿ. ನನ್ನದು ಸುಟ್ಟು ಬೂದಿಯಾಗಿತ್ತು ಅಂತ ವಾಪಸ್ ಬಂದ ಮೇಲೆ ಗೊತ್ತಾಯಿತು.

ಉಳಿದುಕೊಂಡ ರೂಮಿನ ಬಗ್ಗೆ ಎರಡು ಮಾತು. 2,800 ರೂಪಾಯಿ, ಹೆದ್ದಾರಿಗೆ ತಾಗಿಕೊಂಡೇ ಕಿಟಕಿ. ರಾತ್ರಿಯಿಡೀ ಬಸ್ಸುಗಳ ಏರ್ ಹಾರ್ನ್. ನನ್ನನ್ನು ಎರಡು ಡೆಸಿಬೆಲ್‌ಗೆ ಹೊರಗೆ ನಿಲ್ಲಿಸಿದ್ದು ನೆನಪಾಗಿ ಎರಡು ಗಂಟೆಗೆ ಒಬ್ಬನೇ ನಕ್ಕೆ. ಭಾವ ಕಿವಿಗೆ ಹತ್ತಿ ತುರುಕಿಕೊಂಡು ಗೊರಕೆ ಹೊಡೆಯುತ್ತಿದ್ದರು. ರೂಮನ್ನು ಪೇಟೆಯ ಒಳಗೆ ಹಿಡಿಯಿರಿ, ಹಿಂಬದಿಯ ಕಿಟಕಿ ಕೇಳಿ.

ರಸ್ತೆಯ ವಿಷಯ. ತಲಪಾಡಿ ದಾಟಿ ಕೋಝಿಕ್ಕೋಡ್, ಅಲ್ಲಿಂದ ಪಾಲಕ್ಕಾಡ್, ವಾಳಯಾರ್. ಬೆಳಗಿನ ನಾಲ್ಕಕ್ಕೆ ಹೊರಡದಿದ್ದರೆ ಪೇಟೆ ಪೇಟೆಯಲ್ಲೂ ಸಿಕ್ಕಿಹಾಕಿಕೊಳ್ಳುತ್ತೀರಿ. ನನಗೆ ಗರ್ದಿ ಆಗಿ ಬರುವುದಿಲ್ಲ, ತಾಳ್ಮೆ ಇರುವವರು ಆರಕ್ಕೆ ಹೊರಡಬಹುದು. ಆದರೆ ಜೋರು ಸದ್ದಿನ ಕಾರಿನಲ್ಲಿ ಮೂರು ರಾಜ್ಯ ದಾಟುತ್ತೀರಿ ಎಂಬುದು ನೆನಪಿರಲಿ. ಟ್ರ್ಯಾಕಿನ 105 ರಸ್ತೆಯಲ್ಲಿ ನಡೆಯುವುದಿಲ್ಲ. ಭಾವನ ಲೆಕ್ಕದಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರಿನಲ್ಲಿ 105 ಅಂದರೆ ಎಂಟು ಮೀಟರಿನಲ್ಲಿ ಸುಮಾರು 81. ಕಂಪೆನಿಯಿಂದ ಬರುವ ಕಾರಿಗೆ ಏಳೂವರೆ ಮೀಟರಿನಲ್ಲಿ ಇರುವ ಮಿತಿ 74. ಅಳೆಯುವ ಕ್ರಮ ಬೇರೆಬೇರೆ, ಆದರೂ ಅಂತರ ಕಾಣುತ್ತದಲ್ಲ. ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಲೈಸೆನ್ಸ್ ಮೂರು ತಿಂಗಳು ಹೋಗುವ ಅವಕಾಶವೂ ಉಂಟು. ಮುಂದಿನ ಸಲ ನಾನು ಕಂಪೆನಿ ಸೈಲೆನ್ಸರ್ ಹಾಕಿಕೊಂಡೇ ಹೋಗಿ, ಈಗ ಹಾಕಿರುವುದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಅಲ್ಲಿ ಬದಲಾಯಿಸುತ್ತೇನೆ. ಅರ್ಧ ಗಂಟೆಯ ಕೆಲಸ. ಹೊಸ ಗ್ಯಾಸ್ಕೆಟ್ ಒಂದು, ತುಕ್ಕು ಬಿಡಿಸುವ ಸ್ಪ್ರೇ ಒಂದು ಮರೆಯಬೇಡಿ.

ವಾಪಸ್ ಬರುವಾಗ ಮಧ್ಯಾಹ್ನಕ್ಕೆ ಸರಿಯಾಗಿ ತೊಕ್ಕೊಟ್ಟು ತಲುಪಿದೆವು. ಹೆದ್ದಾರಿಯಿಂದ ಒಳಗೆ, ಉಳ್ಳಾಲದ ಕಡೆ ಹೋಗುವ ರಸ್ತೆಯಲ್ಲಿ ಹೆಂಚಿನ ಮಾಡಿನ ಒಂದು ಊಟದ ಹೋಟೆಲ್. ಬೋರ್ಡೇ ಇಲ್ಲ, ಬಾಗಿಲಲ್ಲಿ ಚಪ್ಪಲಿ ರಾಶಿ ನೋಡಿ ಗುರುತು ಹಿಡಿಯಬೇಕು. ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ, ಬಸಳೆ ಸಾರು, ಒಂದು ತುಂಡು ಮಾವಿನಕಾಯಿ ಉಪ್ಪಿನಕಾಯಿ. ಊಟಕ್ಕೆ 80, ನಂಗ್ ಮೀನಿನ ಫ್ರೈ ಬೇಕಾದರೆ ಇನ್ನೊಂದು 90. ಪುಳಿಮುಂಚಿಯಲ್ಲಿ ಹುಳಿ, ಖಾರ ಎರಡೂ ಒಟ್ಟಿಗೆ ಬಂದು ನೆತ್ತಿಗೆ ಏರಿತು. ಎರಡು ದಿನದ ಪರೋಟ ಅಲ್ಲಿ ಇಳಿಯಿತು. ಬಡಿಸುವ ಅಕ್ಕ ಕೇಳದೆಯೇ ಎರಡನೇ ಸಲ ಗಸಿ ಹಾಕಿ, "ಆ ಕಾರು ನಿಮ್ಮದಾ? ಬರುವಾಗ ಪಾತ್ರೆ ಎಲ್ಲ ಗಡಗಡ ಅಂತು" ಅಂದರು. ಭಾವ ನನ್ನ ಮುಖ ನೋಡಿದರು. ಹೊರಡುವಾಗ ಮೂರನೇ ಗೇರಿಗೆ ಬೇಗ ಹಾಕಿ, ಮೆಲ್ಲ ದಾಟಿದೆ.

ನೀವು ಹೋಗುವುದಾದರೆ ಒಂದೂವರೆಯೊಳಗೆ ಹೋಗಿ. ಆಮೇಲೆ ನಂಗ್ ಇರುವುದಿಲ್ಲ.