ಮಳೆ ಹೊಳವಾದ ದಿನ ಲೇತ್ ಬೆವರುತ್ತದೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆಯ ಹಿಂಬದಿಯ ಕೋಣೆಯಲ್ಲಿ ಸಣ್ಣ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡವರು ತುಕ್ಕಿಗೆ ಹೆದರಿ ತೇವ ಅಳೆಯುವ ಮೀಟರ್ ಕೊಳ್ಳುವ ಮೊದಲು ಅಡುಗೆಮನೆಯ ಉಪ್ಪಿನ ಮರಿಗೆ ನೋಡಲಿ. ಗಾಳಿಯ ತೇವಾಂಶ ಶೇ. 75 ದಾಟಿದರೆ ಶುದ್ಧ ಉಪ್ಪು ತಾನೇ ನೀರೊಡೆಯುತ್ತದೆ. ಸಾಣಿಕಟ್ಟಾ ಆಗರದ ಹರಳುಪ್ಪಿನಂಥದ್ದು ಅದಕ್ಕಿಂತ ಮೊದಲೇ ಒದ್ದೆಯಾಗುತ್ತದೆ. ಸಮುದ್ರದ ಉಪ್ಪಿನೊಳಗಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಶೇ. 33ರಷ್ಟು ತೇವ ಸಿಕ್ಕರೂ ಸಾಕು, ನೀರು ಹೀರಲು ಶುರುಮಾಡುತ್ತದೆ. ಮರಿಗೆಯಲ್ಲಿ ಆಗುವುದೇ ಲೇತಿನ ಬೆಡ್, ಅಂದರೆ ಅದರ ಉದ್ದನೆಯ ಎರಕದ ಅಡಿಪಾಯದ ಮೇಲೂ ಆಗುತ್ತದೆ. ಕಡಲಗಾಳಿ ತಂದು ಕೂರಿಸಿದ ಉಪ್ಪಿನ ಕಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಕುಳಿತ ಜಾಗದಲ್ಲಿ ಬೇಸಿಗೆಯಲ್ಲೂ ಒಂದು ಸೂಕ್ಷ್ಮ ನೀರಿನ ಪದರ ಇದ್ದೇ ಇರುತ್ತದೆ.

ಎಲ್ಲರೂ ಬೈಯುವುದು ಮಳೆಯನ್ನು. ನಾಲ್ಕು ದಿನ ಬಿಡದೆ ಜಡಿಮಳೆ ಹೊಡೆದರೆ ಕಬ್ಬಿಣ ಬೆವರುವ ಅಪಾಯ ಅಷ್ಟಿಲ್ಲ. ಗಾಳಿಯೂ ಕಬ್ಬಿಣವೂ ಒಂದೇ ತಂಪಿನಲ್ಲಿರುತ್ತವೆ. ಕೆಡುವುದು ಐದನೆಯ ದಿನ, ಮಳೆ ಹೊಳವಾಗಿ ಬಿಸಿಲು ಬಿದ್ದಾಗ. ಲೆಕ್ಕ ನೋಡಿ. ಹೊರಗಿನ ಗಾಳಿ ಮಧ್ಯಾಹ್ನಕ್ಕೆ 30 ಡಿಗ್ರಿ, ತೇವಾಂಶ ಶೇ. 85. ಆ ಗಾಳಿಯ ಇಬ್ಬನಿ ಬಿಂದು 27 ಡಿಗ್ರಿ ಚಿಲ್ಲರೆ. 40 ಕೆಜಿ ತೂಗುವ ಸಣ್ಣ ಲೇತಿನ ಎರಕ ಮಾತ್ರ ಚಿರೆಕಲ್ಲಿನ ಗೋಡೆಯ ಮಗ್ಗುಲಲ್ಲಿ ಇನ್ನೂ 25 ಡಿಗ್ರಿಯಲ್ಲೇ ತಣ್ಣಗೆ ಕುಳಿತಿರುತ್ತದೆ. 27ಕ್ಕಿಂತ ತಣ್ಣಗಿರುವ ಯಾವ ಮೈ ಸಿಕ್ಕರೂ ಆ ಗಾಳಿ ಅದರ ಮೇಲೆ ನೀರು ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರಿದ ಹಾಗೆ ಬೆಡ್ ಬೆವರುತ್ತದೆ. ಬೆರಳಾಡಿಸಿದರೆ ಗೆರೆ ಬೀಳುತ್ತದೆ. ಸಂಜೆ ಹೊತ್ತಿಗೆ ಕೇಸರಿ ಪುಡಿ.

ಆದ್ದರಿಂದ 'ಬಿಸಿಲು ಬಂತು, ಕಿಟಕಿ ತೆಗೆದು ಗಾಳಿಯಾಡಲಿ' ಎನ್ನುವುದು ಬಟ್ಟೆ ಒಣಗಿಸುವವರ ಬುದ್ಧಿ. ಯಂತ್ರದ ಕೋಣೆಗೆ ಅದು ತಿರುಗುಮುರುಗು. ಹೊಳವಾದ ದಿನ ಕಿಟಕಿ ಮುಚ್ಚಿಯೇ ಇರಬೇಕು. ಸಂಜೆ ಹೊರಗೆ ಮತ್ತೆ ತಂಪಾದ ಮೇಲೆ ತೆಗೆದರಾಯಿತು. ಲೇತನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿಡುವುದೂ ಒಳ್ಳೆಯದು.

ಇಷ್ಟು ತಿಳಿದ ಮೇಲೆ ಮದ್ದು ಯಾವುದೆಂದು ತಾನೇ ಗೊತ್ತಾಗುತ್ತದೆ: ಎಣ್ಣೆಯ ಮಾತು ಆಮೇಲೆ, ಮೊದಲು ಕಬ್ಬಿಣವನ್ನು ಕೋಣೆಯ ಗಾಳಿಗಿಂತ ಬೆಚ್ಚಗಿಡಬೇಕು. ಎಷ್ಟು? ನಾಲ್ಕೈದು ಡಿಗ್ರಿ. 26 ಡಿಗ್ರಿಯಲ್ಲಿ ಶೇ. 95 ತೇವ ಇರುವ ಗಾಳಿ 31 ಡಿಗ್ರಿಯ ಕಬ್ಬಿಣ ಮುಟ್ಟುವಾಗ ಅಲ್ಲಿನ ತೇವಾಂಶ ಸುಮಾರು ಶೇ. 71ಕ್ಕೆ ಇಳಿಯುತ್ತದೆ, ಅಂದರೆ ಶುದ್ಧ ಉಪ್ಪು ನೀರೊಡೆಯುವ 75ರ ಕೆಳಗೆ. ಹಿಂದೆ ಇದಕ್ಕೆ 40 ವ್ಯಾಟಿನ ಹಳೆ ಬಲ್ಬ್ ಸಾಕಾಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬ್ ಅಷ್ಟು ಬಿಸಿಯಾಗುವುದಿಲ್ಲ, ಈ ಕೆಲಸಕ್ಕೆ ದಂಡ. ಅದರ ಬದಲು 10 ಓಮ್, 50 ವ್ಯಾಟಿನ ಅಲ್ಯೂಮಿನಿಯಂ ಕವಚದ ರೆಸಿಸ್ಟರ್ ಎರಡು ತನ್ನಿ. ಬೆಡ್ಡಿನ ಕೆಳಗೆ, ಎರಡು ಕಾಲುಗಳ ನಡುವೆ ಸಿಗುವ ಒರಟು ಎರಕದ ಮೈಯನ್ನು ಬಣ್ಣ ಕೆರೆದು ಸಪಾಟು ಮಾಡಿ, ಹೀಟ್‌ಸಿಂಕ್ ಪೇಸ್ಟ್ ಸವರಿ, 3 ಮಿ.ಮೀ. ಸ್ಕ್ರೂ ಹಾಕಿ ಬಿಗಿಯಿರಿ. ಎರಡನ್ನೂ ಪ್ಯಾರಲಲ್ ಜೋಡಿಸಿ 12 ವೋಲ್ಟ್ ಕೊಟ್ಟರೆ ಒಟ್ಟು 2.4 ಆಂಪಿಯರ್, 29 ವ್ಯಾಟ್. ಸಿಸಿ ಕ್ಯಾಮೆರಾಗಳಿಗೆ ಬಳಸುವ 12 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಇದಕ್ಕೆ ಸರಿಯಾಗುತ್ತದೆ. 2 ಆಂಪಿಯರಿನದು ಬಿಸಿಯಾಗಿ ಕೈಕೊಡುತ್ತದೆ. ದಿನಕ್ಕೆ ಸುಮಾರು 0.7 ಯೂನಿಟ್, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ರಾತ್ರಿ ಉರಿಸಿದರೂ 85 ಯೂನಿಟ್.

ಮೇಲೆ ಮುಚ್ಚುವುದಕ್ಕೆ ಹಳೆ ಹತ್ತಿ ಜಮಖಾನವೋ ಪ್ಲೈವುಡ್ ಪೆಟ್ಟಿಗೆಯೋ ಇರಲಿ. ಪ್ಲಾಸ್ಟಿಕ್ ತಾಡಪತ್ರಿಯನ್ನು ನೆಲದವರೆಗೆ ಇಳಿಬಿಟ್ಟು ಕಟ್ಟುವವರಿದ್ದಾರೆ. ಬೆಚ್ಚಗಿನ ವ್ಯವಸ್ಥೆ ಇಲ್ಲದೆ ಹಾಗೆ ಮಾಡಿದರೆ ಒಳಗಿನ ತೇವಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಕರೆಂಟು ಹೋದರೆ ಈ ಬಿಸಿ ಒಂದೆರಡು ತಾಸಿನಲ್ಲಿ ಆರಿಬಿಡುತ್ತದೆ. ಮರ ಬಿದ್ದು ಎರಡು ದಿನ ಲೈನ್ ಇಲ್ಲದಿರುವುದು ನಮ್ಮಲ್ಲಿ ಹೊಸದೇನಲ್ಲವಲ್ಲ. ಎಣ್ಣೆ ಬೇಕಾಗುವುದು ಅಲ್ಲಿಗೆ.

ಎಣ್ಣೆ ಹಚ್ಚುವ ಮುಂಚೆ ಒಂದು ಕೆಲಸವಿದೆ, ಬಹಳ ಮಂದಿ ಬಿಡುವುದು ಅದನ್ನೇ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಟರ್ಪೆಂಟೈನ್‌ನಲ್ಲೂ ಕರಗುವುದಿಲ್ಲ. ಎಷ್ಟೇ ಉಜ್ಜಿ ಒರೆಸಿ ಎಣ್ಣೆ ಸವರಿದರೂ ಉಪ್ಪು ಎಣ್ಣೆಯ ಅಡಿಯಲ್ಲೇ ಕುಳಿತು ಕೆಲಸ ಮುಂದುವರಿಸುತ್ತದೆ. ಕಬ್ಬಿಣಕ್ಕೆ ನೀರು ಮುಟ್ಟಿಸಲು ಕೈ ಹಿಂಜರಿಯುತ್ತದೆ ನಿಜ, ಆದರೂ ಮೇ ಕೊನೆಯ ವಾರ ಒಂದು ಒಣ ಮಧ್ಯಾಹ್ನ ಟರ್ಪೆಂಟೈನ್‌ನಿಂದ ಹಳೆ ಜಿಡ್ಡು ತೆಗೆದು, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಬೆಡ್ ಒರೆಸಬೇಕು, ಬಟ್ಟೆ ಜಾಲಿಸಿ ಇನ್ನೊಮ್ಮೆ. ಕೂಡಲೇ ಒಣಬಟ್ಟೆ, ಅದರ ಹಿಂದೆಯೇ ಡಬ್ಲ್ಯೂಡಿ-40. ಇದರ ನಿಜವಾದ ಕೆಲಸ ಉಳಿದ ನೀರನ್ನು ತಳ್ಳುವುದು. ಇಡೀ ಮಳೆಗಾಲ ಕಾಯುವಷ್ಟು ದಪ್ಪ ಪದರ ಅದು ಬಿಡುವುದಿಲ್ಲ, ಆದ್ದರಿಂದ ಅಲ್ಲಿಗೇ ನಿಲ್ಲಿಸಬಾರದು.

ನಿಲ್ಲುವ ಪದರಕ್ಕೆ ಲ್ಯಾನೋಲಿನ್, ಅಂದರೆ ಕುರಿ ಉಣ್ಣೆಯ ಜಿಡ್ಡು, ಇದಕ್ಕಿಂತ ಒಳ್ಳೆಯದು ಮನೆಮಟ್ಟಿಗೆ ಇನ್ನೊಂದಿಲ್ಲ. ಒಂದು ಪಾಲು ಲ್ಯಾನೋಲಿನ್‌ಗೆ ನಾಲ್ಕು ಪಾಲು ಟರ್ಪೆಂಟೈನ್. ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಬೇಗ ಬೆರೆಯುತ್ತದೆ. ಒಲೆಯ ಮೇಲೆ ಖಂಡಿತ ಬೇಡ. ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿ, ಒಂದು ದಿನ ಆವಿ ಹೋಗಲು ಬಿಟ್ಟು ಆಮೇಲೆ ಹೊದಿಕೆ ಹಾಕಿ, ರೆಸಿಸ್ಟರ್ ಚಾಲೂ ಮಾಡಿ. ದಿನವೂ ಓಡಿಸುವ ಲೇತಾದರೆ ಇದು ಅಂಟಂಟು, ಲೋಹದ ಚೂರು ಹಿಡಿಯುತ್ತದೆ. ಅಂಥವರಿಗೆ 68 ನಂಬರಿನ ಸ್ಲೈಡ್‌ವೇ ಎಣ್ಣೆ (ಯಂತ್ರದ ಸರಿಯುವ ಮೈಗಳಿಗೆಂದೇ ಬರುವುದು), ಕೆಲಸ ಮುಗಿದಾಗಲೆಲ್ಲ.

ತೆಂಗಿನ ಎಣ್ಣೆ? ಕರಾವಳಿಯಲ್ಲಿ ಇದನ್ನು ಕೇಳದವರಿಲ್ಲ. ಬೇಡ. ಗಾಳಿಗೆ ಕಮಟು ಹಿಡಿದು ಹುಳಿ ಬಿಡುತ್ತದೆ, ಹಿತ್ತಾಳೆ ಗನ್‌ಮೆಟಲ್ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಸಿರ್ಸಿಯ ಡಿಸೆಂಬರ್ ಬೆಳಿಗ್ಗೆ 24 ಡಿಗ್ರಿಗಿಂತ ಕೆಳಗಿಳಿದರೆ ಸ್ಲೈಡಿನೊಳಗೇ ಹೆಪ್ಪುಗಟ್ಟುತ್ತದೆ. ಶೇಂಗಾ ಎಣ್ಣೆ ಗೋಂದಾಗುತ್ತದೆ. ಬೈಕಿನಿಂದ ಇಳಿಸಿದ ಕರಿ ಎಣ್ಣೆಯಲ್ಲಿ ಆಸಿಡ್ಡೂ ನೀರೂ ಎರಡೂ ಇರುತ್ತವೆ, ಪುಕ್ಕಟೆ ಸಿಕ್ಕಿತೆಂದು ಸುರಿಯಬೇಡಿ.

ಎಣ್ಣೆ ತಲುಪದ ಮೂಲೆಗಳೇ ಮೊದಲು ಹಾಳಾಗುವುದು. ಟೇಲ್‌ಸ್ಟಾಕಿನ (ಬೆಡ್ಡಿನ ಬಲತುದಿಯ ಆಸರೆ) ಎರಡನೇ ನಂಬರ್ ಮೋರ್ಸ್ ಟೇಪರಿನಲ್ಲಿ, ಅಂದರೆ ಒಳಗೆ ಕಿರಿದಾಗುವ ತೂತಿನಲ್ಲಿ, ಸೆಂಟರ್ ಎಂಬ ಮೊನೆ ಬಿಟ್ಟು ಹೋದರೆ ಸಂದಿಯಲ್ಲಿ ನೀರು ನಿಂತು ಅದು ಅಲ್ಲೇ ಕಚ್ಚಿಕೊಳ್ಳುತ್ತದೆ; ತೆಗೆದಿಡಿ, ತೂತಿಗೆ ತೆಳು ಗ್ರೀಸ್ ಸವರಿ. ಕಡೆಯುವ ತುಂಡನ್ನು ಹಿಡಿಯುವ ಚಕ್ ಬಿಚ್ಚಿ ಅದರ ಹಿಂದಿನ ಮೈ ನೋಡಿ. ಬೆಡ್ ಮೇಲೆ ಸರಿಯುವ ಸ್ಯಾಡಲ್ಲಿನ ಎರಡು ತುದಿಗೆ ಇರುವ ಫೆಲ್ಟ್ ತುಂಡುಗಳು ಸ್ಪಂಜಿನ ಹಾಗೆ ಉಪ್ಪುನೀರು ಹಿಡಿದಿಟ್ಟುಕೊಳ್ಳುತ್ತವೆ. ಅವು ಕುಳಿತ ಜಾಗದಲ್ಲಿ ಬೆಡ್ಡಿಗೆ ಅಡ್ಡ ಎರಡು ಗೆರೆ ತುಕ್ಕು ಬಿದ್ದಿದ್ದರೆ ಅಪರಾಧಿ ಅವೇ. ಜೂನ್‌ಗೆ ಮೊದಲು ಬದಲಿಸಿ, ಎಣ್ಣೆಯಲ್ಲಿ ನೆನೆಸಿ ಹಾಕಿ, ವಾರಕ್ಕೊಮ್ಮೆ ಸ್ಯಾಡಲ್ ಬೇರೆ ಕಡೆ ಸರಿಸಿ ನಿಲ್ಲಿಸಿ.

ಘಟ್ಟದ ಮೇಲೆ ಕಥೆ ಸ್ವಲ್ಪ ಬೇರೆ. ಸಿರ್ಸಿ, ಸಿದ್ದಾಪುರದಲ್ಲಿ ತೇವ ಹೆಚ್ಚು ದಿನ ಕಾಡುತ್ತದೆ, ಆದರೆ ಉಪ್ಪಿಲ್ಲ. ಅಲ್ಲಿನ ತುಕ್ಕು ಮೈತುಂಬ ತೆಳ್ಳಗೆ ಹರಡುತ್ತದೆ, ಎಣ್ಣೆ ಬಟ್ಟೆಗೆ ಬರುತ್ತದೆ. ಕರಾವಳಿಯ ತುಕ್ಕು ಚುಕ್ಕೆಚುಕ್ಕೆಯಾಗಿ ಬಿದ್ದು ಒಳಗೆ ಕೊರೆಯುತ್ತದೆ. ಉಜ್ಜಿದರೆ ಕೆಂಪು ಹೋದರೂ ಗುಳಿ ಉಳಿಯುತ್ತದೆ. ಘಟ್ಟದವರ ಕೈಯಲ್ಲಿ ಇನ್ನೊಂದು ಸಾಮಾನಿದೆ: ಅಡಿಕೆ ಬೇಯಿಸಿದ ಚೊಗರು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಅಲಗು ಕಪ್ಪಾಗುವುದು ಅಡಿಕೆಯ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ. ಅಣಲೆಕಾಯಿ ಕಷಾಯದ್ದು ಇನ್ನೂ ದಟ್ಟ ನೀಲಿಗಪ್ಪು. ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿ ಶಾಯಿ ಮಾಡುತ್ತಿದ್ದದ್ದು ಇದೇ ಗುಣದಿಂದ. ಯಂತ್ರದ ಸ್ಟ್ಯಾಂಡು, ಬ್ರಾಕೆಟ್ಟು, ಎರಕದ ಒರಟು ಮೈಗಳಲ್ಲಿ ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ಉದುರಿಸಿ, ಉಳಿದ ಕಂದು ಮೈಗೆ ತೆಳು ಚೊಗರು ಹಚ್ಚಿ ಒಂದು ದಿನ ಬಿಟ್ಟರೆ ಕಪ್ಪು ಪದರ ಕಟ್ಟುತ್ತದೆ, ಅದರ ಮೇಲೆ ಬಣ್ಣ ಬಳಿಯಬಹುದು. ಸರಿಯುವ, ಕೂಡುವ ಮೈಗಳ ಹತ್ತಿರ ಮಾತ್ರ ತರಬೇಡಿ.

ಇನ್ನು ಮನೆಯೊಳಗಿನ ವೈರಿಗಳು. ಬಚ್ಚಲು ತೊಳೆಯುವ ಆಸಿಡ್ ಬಾಟ್ಲಿ ಅದೇ ಕೋಣೆಯ ಮೂಲೆಯಲ್ಲಿದ್ದರೆ ಮುಚ್ಚಳ ಬಿಗಿಯಿದ್ದರೂ ಸೋರುವ ಆವಿ ಸಾಕು, ರಾತ್ರಿ ಬೆಳಗಾಗುವುದರೊಳಗೆ ಡ್ರಿಲ್ ಬಿಟ್‌ಗಳೆಲ್ಲ ಕೆಂಪು. ಬೆಸುಗೆಗೆ ಬಳಸುವ ಜಿಂಕ್ ಕ್ಲೋರೈಡ್ ಫ್ಲಕ್ಸ್ ಕೂಡ ಹಾಗೇ. ಬೆಸುಗೆ ಕೆಲಸ ಹೊರಗಿನ ಜಗಲಿಯಲ್ಲಿರಲಿ. ನೀರಿಗೆ ಬೆರೆಸುವ ಹಾಲಿನಂಥ ಕೂಲೆಂಟನ್ನು ಮಳೆಗಾಲದಲ್ಲಿ ಮರೆತುಬಿಡಿ: ಅದು ಸ್ಲೈಡಿನ ಸಂದಿಗೆ ಇಳಿದು, ಎಣ್ಣೆಯಂಶ ಹಿಂದುಳಿದು ನೀರು ಒಳಗೆ ನಿಲ್ಲುತ್ತದೆ. ಬ್ರಷ್ಷಿನಿಂದ ಬರೀ ಕಟಿಂಗ್ ಆಯಿಲ್ ಸಾಕು.

ಟ್ಯಾಪ್, ರೀಮರ್, ಮೈಕ್ರೋಮೀಟರ್ ಇವನ್ನು ರಬ್ಬರ್ ಗ್ಯಾಸ್ಕೆಟ್ಟಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ಎಲ್ಲರಿಗೂ ಗೊತ್ತು. ಆದರೆ 20 ಲೀಟರ್ ಡಬ್ಬಿಯ ಗಾಳಿಯಲ್ಲಿ ಇರುವ ನೀರು ಅರ್ಧ ಗ್ರಾಂ ಚಿಲ್ಲರೆ ಅಷ್ಟೇ. 100 ಗ್ರಾಂ ಜೆಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಜೆಲ್ ಸೋಲುವುದು ಸೋರುವ ಮುಚ್ಚಳಕ್ಕೆ, ಜೊತೆಗೆ ಇಟ್ಟ ಮರದ ಸ್ಟ್ಯಾಂಡು, ಕಾಗದ, ಬಟ್ಟೆಗೆ. ನೀರಿನ ದಾಸ್ತಾನು ಅವುಗಳೊಳಗೇ ಇರುತ್ತದೆ. ಬಣ್ಣ ಬದಲಾದ ಕಿತ್ತಳೆ ಜೆಲ್ಲನ್ನು ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ತಾಸು ಕಾಯಿಸಿ. ನೀಲಿಯದರಲ್ಲಿ ಕೋಬಾಲ್ಟ್ ಇದೆ, ಅಡುಗೆ ಪಾತ್ರೆಗೆ ಹಾಕಬೇಡಿ.

ತುಕ್ಕು ಬಂದೇಬಿಟ್ಟಿದೆಯೇ? ಬೆಡ್ಡಿಗೆ ಎಮರಿ ಕಾಗದ ತಾಗಿಸಬೇಡಿ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಲ್ಲೂ ಉಜ್ಜುಪುಡಿ ಇರುತ್ತದೆ, ಅದೂ ಬೇಡ. ಎಣ್ಣೆ ಸುರಿದು ಒಂದು ರಾತ್ರಿ ಬಿಟ್ಟು, ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು ತೆಳ್ಳಗೆ ಕೆರೆಯಿರಿ. ಬಿಡಿ ಸಾಮಾನು, ಅಂದರೆ ವೈಸ್, ಆ್ಯಂಗಲ್ ಪ್ಲೇಟ್, ಹಳೆ ಚಕ್ಕಿನ ಮೈ, ಇವುಗಳಿಗೆ ವಿದ್ಯುತ್ ಸ್ನಾನವೇ ಸರಿ: ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ 50ರಿಂದ 100 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟಿನ ಹಳೆ ಕಾಲದ ಬ್ಯಾಟರಿ ಚಾರ್ಜರ್. ಹೊಸ ಆಟೊಮ್ಯಾಟಿಕ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದೆ ಕರೆಂಟೇ ಬಿಡುವುದಿಲ್ಲ. ಸಾಮಾನಿಗೆ ನೆಗೆಟಿವ್, ಎದುರಿಗೆ ಕಟ್ಟಡದ ಕಬ್ಬಿಣದ ಸರಳಿಗೆ ಪಾಸಿಟಿವ್. ಅದಲು ಬದಲಾದರೆ ವೈಸೇ ಕರಗುತ್ತದೆ. ಸರಳಿನ ಬದಲು ಸ್ಟೀಲ್ ಚಮಚ ತೂಗಿಬಿಡಬೇಡಿ, ಸ್ಟೇನ್‌ಲೆಸ್ಸಿನಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಚುರುಕಾಗಲಿ ಎಂದು ಉಪ್ಪನ್ನೂ ಹಾಕಬೇಡಿ, ಕ್ಲೋರಿನ್ ಏಳುತ್ತದೆ. ಹೊರಡುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಲ್ಲಿಡಿ, ಹತ್ತಿರ ಬೀಡಿ ಬೇಡ. 2–4 ಆಂಪಿಯರಿಗೆ ಆರರಿಂದ ಹನ್ನೆರಡು ತಾಸು ಹಿಡಿಯುತ್ತದೆ. ಹದ ಕೊಟ್ಟ ಉಕ್ಕು, ಸ್ಪ್ರಿಂಗ್ ಹೈಡ್ರೋಜನ್ ಕುಡಿದು ಮುರಿಯುವಂತಾಗುತ್ತವೆ, ಅವನ್ನು ಇದರಲ್ಲಿ ಮುಳುಗಿಸಬೇಡಿ. ಹೊರತೆಗೆದ ಸಾಮಾನನ್ನು ಕುದಿನೀರಿನಲ್ಲಿ ತೊಳೆದರೆ ತನ್ನ ಬಿಸಿಗೇ ಒಣಗುತ್ತದೆ, ಆಗಲೇ ಎಣ್ಣೆ. ಹತ್ತು ನಿಮಿಷ ತಡವಾದರೆ ಮತ್ತೆ ಕೆಂಪು.

ಇಂಥ ಲೇತಿನಲ್ಲಿ ಕಟ್ಟಿ ಮುಗಿಸಿದ ಉಗಿ ಎಂಜಿನ್ ಮಾದರಿಗಳ ಮಾತು ಒಂದಿದೆ. ಗನ್‌ಮೆಟಲ್ ಸಿಲಿಂಡರ್, ಸ್ಟೇನ್‌ಲೆಸ್ ಪಿಸ್ಟನ್ ರಾಡ್, ತುಕ್ಕಿನ ಭಯವೇ ಇಲ್ಲ ಎಂದು ಕಪಾಟಿನಲ್ಲಿಟ್ಟವರು ಅಕ್ಟೋಬರಿನಲ್ಲಿ ತಿರುಗಿಸಿದಾಗ ಗ್ಲ್ಯಾಂಡಿನಲ್ಲಿ, ಅಂದರೆ ರಾಡ್ ಸಿಲಿಂಡರಿನಿಂದ ಹೊರಬರುವ ಕಡೆಯ ಪ್ಯಾಕಿಂಗ್ ತುಂಬಿದ ಬಾಯಿಯಲ್ಲಿ, ಉಗಿ ಸೋರುತ್ತದೆ. ರಾಡನ್ನು ಎಳೆದು ನೋಡಿದರೆ ಗ್ಲ್ಯಾಂಡಿನೊಳಗೆ ನಿಂತಿದ್ದ ಅಷ್ಟೇ ಅಗಲಕ್ಕೆ ಸೂಜಿಮೊನೆಯಂಥ ಗುಳಿಗಳು. ಗ್ರಾಫೈಟ್ ನೂಲಿನ ಪ್ಯಾಕಿಂಗ್ ಒದ್ದೆಯಾಗಿದ್ದರೆ ಅದೇ ಬ್ಯಾಟರಿಯ ಒಂದು ತುದಿಯಾಗುತ್ತದೆ, ರಾಡ್ ಇನ್ನೊಂದು ತುದಿ, ನಡುವೆ ಉಪ್ಪುನೀರು. ಕೊನೆಯ ಓಟ ಮುಗಿದ ಮೇಲೆ ಡ್ರೈನ್ ಕಾಕ್ ತೆಗೆದು, ಸಿಲಿಂಡರ್ ಇನ್ನೂ ಬಿಸಿಯಿರುವಾಗಲೇ ಸೈಕಲ್ ಪಂಪಿನಿಂದ ಗಾಳಿ ಊದಿ, ಸ್ಟೀಮ್ ಆಯಿಲ್ ನಾಲ್ಕು ಹನಿ ಬಿಟ್ಟು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ. ಆಮೇಲೆ ಗ್ಲ್ಯಾಂಡ್ ನಟ್ ಬಿಚ್ಚಿ ಪ್ಯಾಕಿಂಗ್ ಪೂರ್ತಿ ಕಿತ್ತು ಎಸೆಯಿರಿ. ಮಳೆಗಾಲ ಕಳೆದ ಮೇಲೆ ಹೊಸ ನೂಲು ಸುತ್ತಲು ಐದು ನಿಮಿಷ ಸಾಕು. ಹೊಸ ರಾಡ್ ಮಾಡಲು ಒಂದು ಭಾನುವಾರ ಬೇಕು.