ಡಿಸೆಂಬರ್ 9ರ ಕ್ಲಾಸು

ನಮ್ಮ ಕಾಲದಲ್ಲಿ ನೌಕಾ ಎನ್‌ಸಿಸಿಗೆ ಸೇರುತ್ತಿದ್ದವರಲ್ಲಿ ಅರ್ಧ ಜನ ಬಿಳಿ ಯೂನಿಫಾರ್ಮಿನ ಆಸೆಗೆ, ಇನ್ನರ್ಧ ಜನ ಪರೇಡ್ ಮುಗಿದ ಮೇಲೆ ಸಿಗುವ ತಿಂಡಿಯ ಆಸೆಗೆ. ನಾನು ಎರಡೂ ಗುಂಪಿನವನು. ಸೆಮಾಫೋರ್ ಬಾವುಟ ಬೀಸುವುದು, ಗಂಟು ಹಾಕುವುದು, ಹೊಳೆಯಲ್ಲಿ ದೋಣಿ ಎಳೆಯುವುದು ಎಲ್ಲ ಕಲಿತೆವು. ಗಂಟುಗಳು ಬಹುತೇಕ ಮರೆತುಹೋಗಿವೆ. ಮರೆಯದೇ ಉಳಿದಿರುವುದು ಎನ್‌ಸಿಸಿ ಸರ್ ಡಿಸೆಂಬರ್‌ನಲ್ಲಿ ತೆಗೆದುಕೊಳ್ಳುತ್ತಿದ್ದ ಒಂದು ಕ್ಲಾಸು.

ಸರ್ ನಮಗೆ ಭೌತಶಾಸ್ತ್ರ ಪಾಠ ಮಾಡುತ್ತಿದ್ದವರು. ಡಿಸೆಂಬರ್ 4 ನೌಕಾ ದಿನ. 1971ರಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಬಂದರಿಗೆ ಹೊಡೆದ ದಿನ ಅದು. ಕಾಲೇಜಿನಲ್ಲಿ ಮೆರವಣಿಗೆ, ಭಾಷಣ, ಲಾಡು ಎಲ್ಲ ಇರುತ್ತಿತ್ತು. ಸರ್ ಆ ದಿನ ಹೆಚ್ಚು ಮಾತಾಡುತ್ತಿರಲಿಲ್ಲ. ಐದು ದಿನ ಬಿಟ್ಟು ನಮ್ಮನ್ನು ಲ್ಯಾಬಿಗೆ ಕರೆದು ಬಾಗಿಲು ಹಾಕಿ, ಬೋರ್ಡಿನ ಮೇಲೆ ಒಂದು ಅಡ್ಡ ಗೆರೆ ಎಳೆಯುತ್ತಿದ್ದರು. ಗೆರೆಯ ಮೇಲೆ ಒಂದು ಹಡಗು, ಕೆಳಗೆ ಒಂದು ಸಬ್‌ಮರೀನ್. "ಯಾರು ಯಾರನ್ನು ಮೊದಲು ಕಂಡುಹಿಡಿಯುತ್ತಾರೆ, ಹೇಳು ಮಾರಾಯ" ಅಂತ ಮುಂದಿನ ಬೆಂಚಿನವನನ್ನು ಎಬ್ಬಿಸುತ್ತಿದ್ದರು.

ಹಡಗು 1971ರ ಯುದ್ಧದಲ್ಲಿದ್ದ ನಮ್ಮ ಐಎನ್‌ಎಸ್ ಖುಕ್ರಿ. ಸಬ್‌ಮರೀನ್ ಪಾಕಿಸ್ತಾನದ ಹಂಗೋರ್. ಖುಕ್ರಿ ಬ್ರಿಟನ್ನಿನಲ್ಲಿ ಕಟ್ಟಿದ ಫ್ರಿಗೇಟ್ ಎಂಬ ಬಗೆಯ ಯುದ್ಧನೌಕೆ. 1958ರಲ್ಲಿ ಸೇವೆಗೆ ಸೇರಿದ್ದು. ಸಬ್‌ಮರೀನ್ ಬೇಟೆಯೇ ಅದರ ಕೆಲಸ. ಹಂಗೋರ್ ಫ್ರಾನ್ಸಿನ ಡಾಫ್ನೆ ಮಾದರಿಯದು, ಹೊಸದು. ಅದರ ಕಿವಿ ಬಹಳ ದೂರ ಕೇಳುತ್ತಿತ್ತು. ಅದರ ಟಾರ್ಪೆಡೊ, ಅಂದರೆ ನೀರಿನೊಳಗೇ ಸಾಗಿ ಬಂದು ಸಿಡಿಯುವ ಅಸ್ತ್ರ, ಖುಕ್ರಿಯ ಸೋನಾರ್ ಮುಟ್ಟದಷ್ಟು ದೂರದಿಂದ ಬರಬಲ್ಲದು.

ಸೋನಾರ್ ಅಂದರೆ ನೀರಿನೊಳಗೆ ಶಬ್ದ ಕಳಿಸಿ, ಅದರ ಪ್ರತಿಧ್ವನಿ ಕೇಳುವುದು. ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ಕಳ್ಳನನ್ನು ಹುಡುಕಿದ ಹಾಗೆ ಅನ್ನುತ್ತಿದ್ದರು ಸರ್. ಟಾರ್ಚ್ ಹಿಡಿದವನು ಕಳ್ಳನಿಗೆ ಮೊದಲೇ ಕಾಣುತ್ತಾನೆ, ಅಲ್ವಾ? ಅದರ ಮೇಲೆ ಅರಬ್ಬಿ ಸಮುದ್ರ ಬೇರೆ. ಮೇಲಿನ ನೀರು ಬೆಚ್ಚಗೆ, ಕೆಳಗಿನದು ತಣ್ಣಗೆ. ಎರಡೂ ಸೇರುವಲ್ಲಿ ಶಬ್ದ ಬಾಗಿಬಿಡುತ್ತದೆ. ಅದರ ಕೆಳಗೆ ನುಸುಳಿದ ಸಬ್‌ಮರೀನ್ ಹಡಗಿಗೆ ಸಿಗುವುದೇ ಕಷ್ಟ. ಶಬ್ದದ ವಕ್ರೀಭವನ ನನಗೆ ಅರ್ಥವಾದದ್ದು ಪಠ್ಯಪುಸ್ತಕದಿಂದಲ್ಲ, ಈ ಚಿತ್ರದಿಂದ.

ಇಷ್ಟೆಲ್ಲ ಆದ ಮೇಲೆಯೇ ಸರ್ ಕ್ಯಾಪ್ಟನ್ ಹೆಸರು ಹೇಳುತ್ತಿದ್ದದ್ದು. ಮಹೇಂದ್ರನಾಥ ಮುಲ್ಲಾ. 1926ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಹುಟ್ಟಿದವರು, 1948ರಲ್ಲಿ ನೌಕಾಪಡೆಯ ಅಧಿಕಾರಿಯಾದವರು. ಯುದ್ಧದ ಹೊತ್ತಿಗೆ ಖುಕ್ರಿಯ ಜೊತೆಗೆ 14ನೇ ಫ್ರಿಗೇಟ್ ಸ್ಕ್ವಾಡ್ರನ್ ಎಂಬ ಹಡಗುಗಳ ತಂಡ ಇಡೀ ಅವರ ಕೈಯಲ್ಲಿತ್ತು.

ಹಂಗೋರ್ ಕಳಿಸಿದ ರೇಡಿಯೊ ಸಂದೇಶಗಳಿಂದ ಅದು ನಮ್ಮ ಪಶ್ಚಿಮ ಕರಾವಳಿಯ ಹತ್ತಿರವೇ ಇದೆ ಅಂತ ನೌಕಾಪಡೆಗೆ ಗೊತ್ತಾಯಿತು. ಸ್ಕ್ವಾಡ್ರನ್ನಿನ ಮೂರು ಹಡಗುಗಳಲ್ಲಿ ಕುಠಾರ್ ಇಂಜಿನ್ ಕಡೆಯ ತೊಂದರೆಯಿಂದ ಬಂದರಿನಲ್ಲೇ ಉಳಿದಿತ್ತು. ಡಿಸೆಂಬರ್ 8ರಂದು ಖುಕ್ರಿ ಮತ್ತು ಕಿರ್ಪಾಣ್ ಎರಡೇ ಬಾಂಬೆಯಿಂದ ಹೊರಟವು.

ಖುಕ್ರಿಯಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಲೆಫ್ಟಿನೆಂಟ್ ವಿ.ಕೆ. ಜೈನ್ ಎಂಬ ತರುಣ ಅಧಿಕಾರಿ ಬಾಂಬೆಯ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯಲ್ಲಿ ಕೂತು ಸೋನಾರ್‌ನ ದೂರ ಹೆಚ್ಚಿಸುವ ಉಪಕರಣ ತಯಾರಿಸಿದ್ದರು. ಅದನ್ನು ಹಡಗಿಗೆ ಜೋಡಿಸಿ ಪರೀಕ್ಷೆ ಮಾಡುತ್ತಿದ್ದರು. ಹಡಗು ನಿಧಾನ ಹೋದಷ್ಟೂ ಅದರದೇ ಗಲಾಟೆ ಕಡಿಮೆ, ಸೋನಾರ್‌ಗೆ ಸ್ಪಷ್ಟವಾಗಿ ಕೇಳುತ್ತದೆ. ಹಾಗಾಗಿ ಖುಕ್ರಿ ಸುಮಾರು 12 ನಾಟ್ (ಗಂಟೆಗೆ 22 ಕಿ.ಮೀ.) ವೇಗದಲ್ಲಿ ಸಾಗುತ್ತಿತ್ತು. ನಿಧಾನ ಹೋಗುವ ಹಡಗು ಸಬ್‌ಮರೀನ್‌ಗೆ ಸುಲಭದ ಗುರಿ. ಯುದ್ಧದ ನಡುವೆ ಈ ಪ್ರಯೋಗ ಬೇಕಿತ್ತಾ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ನಮ್ಮ ಲ್ಯಾಬಿನಲ್ಲೂ ವರ್ಷ ವರ್ಷ ಇದೇ ಜಗಳ. ಸರ್ ತೀರ್ಪು ಕೊಡುತ್ತಿರಲಿಲ್ಲ. "ಹಳೆ ಸೋನಾರ್ ಇಟ್ಟುಕೊಂಡು ಜೋರಾಗಿ ಹೋದರೆ ಏನೂ ಕೇಳುವುದಿಲ್ಲ. ಆಗ ಬೇಟೆಗೆ ಹೋಗಿ ಏನು ಮಾಡುವುದು?" ಅಂತ ಮಾತ್ರ ಕೇಳುತ್ತಿದ್ದರು.

ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರದ ಸಮುದ್ರ. ಹಡಗಿನಲ್ಲಿ ಹಲವರು ಆಕಾಶವಾಣಿಯ 8.45ರ ವಾರ್ತೆ ಕೇಳುತ್ತಿದ್ದರು ಅಂತ ಬದುಕಿ ಬಂದವರು ಹೇಳಿದ್ದಾರೆ. ಹಂಗೋರ್ ಮೊದಲ ಟಾರ್ಪೆಡೊ ಬಿಟ್ಟದ್ದು ಕಿರ್ಪಾಣ್ ಮೇಲೆ. ಅದು ಸಿಡಿಯಲಿಲ್ಲ. ಎರಡನೆಯದು ಖುಕ್ರಿಯ ಅಡಿಗೇ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು.

ಆ ನಿಮಿಷಗಳಲ್ಲಿ ಮುಲ್ಲಾ ಹಡಗು ಬಿಡಲು ಆಜ್ಞೆ ಕೊಟ್ಟರು. ಬ್ರಿಡ್ಜ್, ಅಂದರೆ ಕ್ಯಾಪ್ಟನ್ ನಿಂತು ಹಡಗು ನಡೆಸುವ ಜಾಗದಲ್ಲಿ, ಪಕ್ಕದಲ್ಲಿದ್ದ ಕಿರಿಯ ಅಧಿಕಾರಿಗಳನ್ನು ತಾವೇ ನೀರಿಗೆ ತಳ್ಳಿದರು. ತಮ್ಮ ಲೈಫ್ ಜಾಕೆಟ್ ಒಬ್ಬ ನಾವಿಕನಿಗೆ ಕೊಟ್ಟರು. ಕೊನೆಗೆ ನೀರಿನಲ್ಲಿದ್ದವರ ಕಣ್ಣಿಗೆ ಬಿದ್ದದ್ದು ಬ್ರಿಡ್ಜ್‌ನಲ್ಲೇ ಉಳಿದಿದ್ದ ಕ್ಯಾಪ್ಟನ್. 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆ ಹೋದರು. ಜೈನ್ ಕೂಡ. ಉಳಿದವರು 67 ಜನ. ತಪ್ಪಿಸಿಕೊಂಡಿದ್ದ ಕಿರ್ಪಾಣ್ ಮರುದಿನ ಕಚ್ಚಲ್ ಹಡಗಿನ ಜೊತೆ ಬಂದು ಅವರನ್ನು ಎತ್ತಿಕೊಂಡಿತು.

ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪೇಪರು, ಭಾಷಣಗಳಲ್ಲೆಲ್ಲ ಆ ಕೊನೆಯ ನಿಮಿಷಗಳೇ ಇರುತ್ತವೆ. ಕ್ಯಾಪ್ಟನ್ ಹಡಗಿನ ಜೊತೆ ಮುಳುಗಲೇಬೇಕು ಅಂತ ನಿಯಮವೇನೂ ಇಲ್ಲ. ಬದುಕಿ ಬಂದಿದ್ದರೆ ನೌಕಾಪಡೆಗೆ ಇನ್ನಷ್ಟು ಉಪಯೋಗ ಆಗುತ್ತಿರಲಿಲ್ಲವಾ ಅಂತ ಗೆಳೆಯನೊಬ್ಬ ಒಮ್ಮೆ ಕೇಳಿಯೇಬಿಟ್ಟ. ಸರ್ ಸಿಟ್ಟಾಗುತ್ತಾರೆ ಅಂದುಕೊಂಡೆವು. ಅವರು ಬೋರ್ಡ್ ಕಡೆ ತಿರುಗಿ, "ನೀನು ರಾತ್ರಿಯ ಲೆಕ್ಕ ಕೇಳುತ್ತಿದ್ದೀಯ. ನಾನು ಬೆಳಿಗ್ಗೆಯ ಲೆಕ್ಕ ಹೇಳುತ್ತಿದ್ದೇನೆ" ಅಂದರು. ಆಗ ನನಗೆ ಅದು ತಲೆಗೆ ಹೋಗಲಿಲ್ಲ. ಈಗ ಅನ್ನಿಸುವುದು ಹೀಗೆ: ಎದುರಾಳಿಯ ಕಿವಿ ತನ್ನ ಕಿವಿಗಿಂತ ಚುರುಕು ಅಂತ ಗೊತ್ತಿದ್ದೂ ಬಂದರು ಬಿಟ್ಟು ಹೊರಟದ್ದು, ಆ ನೀರಿನಲ್ಲಿ ನಿಧಾನವಾಗಿ ಹುಡುಕುತ್ತಾ ಹೋದದ್ದು, ಲೈಫ್ ಜಾಕೆಟ್ ಕೊಟ್ಟದ್ದಕ್ಕಿಂತ ಕಡಿಮೆ ಧೈರ್ಯದ ಕೆಲಸವೇನಲ್ಲ. ಅದಕ್ಕೆ ಸಾಕ್ಷಿಗಳು ಕಡಿಮೆ, ಅಷ್ಟೇ.

ಹಂಗೋರ್ ಕೂಡ ಸುಮ್ನೆ ಗೆದ್ದು ಹೋಗಲಿಲ್ಲ. ಆಮೇಲೆ ದಿನಗಟ್ಟಲೆ ನಮ್ಮ ಹಡಗು, ವಿಮಾನಗಳು ಅದರ ಬೆನ್ನು ಹತ್ತಿದವು. ಆದರೂ ಅದು ಕರಾಚಿ ಸೇರಿತು. ಈಗ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ. ಅದರ ಕಮಾಂಡರ್ ಅಹ್ಮದ್ ತಸ್ನೀಮ್. ಅವರ ಕೆಲಸವನ್ನೂ ಸರ್ ಅದೇ ಬೋರ್ಡಿನ ಮೇಲೆ ಮರ್ಯಾದೆಯಿಂದಲೇ ವಿವರಿಸುತ್ತಿದ್ದರು. ಕೆಲವು ಹುಡುಗರಿಗೆ ಇದು ಇಷ್ಟವಾಗುತ್ತಿರಲಿಲ್ಲ. ನನಗೆ ಇಷ್ಟವಾಗಿತ್ತು.

ಈಗಿನ ಎನ್‌ಸಿಸಿ ಮಕ್ಕಳಿಗೆ ಒಂದು ಮಾತು. ದಿಯುಗೆ ಹೋದರೆ ಕೋಟೆ, ಬೀಚು ನೋಡಿ ವಾಪಸ್ ಬರಬೇಡಿ. ಚಕ್ರತೀರ್ಥ ಬೀಚಿನ ಹತ್ತಿರ ಸಮುದ್ರಕ್ಕೆ ಮುಖ ಮಾಡಿದ ಸ್ಮಾರಕ ಇದೆ, ಗಾಜಿನೊಳಗೆ ಖುಕ್ರಿಯ ಮಾದರಿ ಇಟ್ಟಿದ್ದಾರೆ. ಅದೇ ಹೆಸರಿನ ಎರಡನೇ ಹಡಗು 1989ರಿಂದ 2021ರವರೆಗೆ ಸೇವೆಯಲ್ಲಿತ್ತು. ಅದನ್ನೂ ಈಗ ದಿಯುಗೇ ಕೊಟ್ಟಿದ್ದಾರೆ. ಹೋಗುವ ಮುಂಚೆ ಸೋನಾರ್ ಪಾಠ ಒಮ್ಮೆ ಓದಿಕೊಳ್ಳಿ.